ಸಾವಿರ ದಿನದಲ್ಲಿ ಸಾವಿರ ಮನೆ: ಸೌತ್ ಬೆಂಡ್ ಊರಿನ ಪ್ರಕರಣ

ಒಂದೇ ಕಾಂಪೌಂಡಿನಲ್ಲಿ ಎರಡು ಮನೆಗಳಿವೆ. ಒಂದರಲ್ಲಿ 38 ಕೋಣೆಗಳು. ಕಲ್ಲಿನ ಗೋಡೆ, ಓಕ್ ಮರದ ಕೆತ್ತನೆ, 14 ಬೆಂಕಿಗೂಡು. ಅದರ ಹಿಂದೆ ಒಂದು ಪುಟ್ಟ ಮರದ ಮನೆ. ಅದನ್ನು ಪೂರ್ತಿ ನೋಡಿ ಮುಗಿಸಲು ಹತ್ತು ನಿಮಿಷ ಸಾಕು. ದೊಡ್ಡದು ನೇಗಿಲು ಕಾರ್ಖಾನೆ ಯಜಮಾನನದ್ದು. ಚಿಕ್ಕದು ಕಾರ್ಖಾನೆಯಲ್ಲಿ ದುಡಿಯುವವನದ್ದು. ಎರಡೂ ಈಗ ಮ್ಯೂಸಿಯಂ.

ಊರು ಸೌತ್ ಬೆಂಡ್. ಅಮೆರಿಕದ ಇಂಡಿಯಾನಾ ರಾಜ್ಯದ ಉತ್ತರ ತುದಿಯಲ್ಲಿದೆ. ಸೇಂಟ್ ಜೋಸೆಫ್ ನದಿ ದಕ್ಷಿಣಕ್ಕೆ ಎಷ್ಟು ಬರಬೇಕೋ ಅಷ್ಟು ಬಂದು, ಇಲ್ಲಿ ಉತ್ತರಕ್ಕೆ ಹೊರಳುತ್ತದೆ. ಆ ತಿರುವೇ ಊರಿಗೆ ಹೆಸರಾಯಿತು. ಜನಸಂಖ್ಯೆ 1 ಲಕ್ಷದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಜಿಲ್ಲಾ ಕೇಂದ್ರ ಅನ್ನಬಹುದು.

ಈ ಊರಿನ ಪಾಲಿಕೆ 2013ರಲ್ಲಿ ಒಂದು ಪಣ ತೊಟ್ಟಿತು. ಸಾವಿರ ದಿನದೊಳಗೆ ಸಾವಿರ ಪಾಳು ಮನೆಗಳನ್ನು ಒಂದು ಗತಿಗೆ ಹಚ್ಚುತ್ತೇವೆ, ರಿಪೇರಿಯಾದರೂ ಸರಿ, ಕೆಡವಿದರೂ ಸರಿ ಎಂದಿತು. ಗಡುವಿಗೆ ಮುಂಚೆಯೇ ಗುರಿ ಮುಟ್ಟಿತು. ಆ ಪಟ್ಟಿಯಲ್ಲಿದ್ದ ಮನೆಗಳು ಹೆಚ್ಚಿನವು ಹಿಂದಿನ ಪುಟ್ಟ ಮನೆಯಂಥವು. ಅವು ಹೇಗೆ ಬಂದವು, ಯಾಕೆ ಖಾಲಿಯಾದವು, ಯಾಕೆ ಬಿದ್ದವು ಅನ್ನೋದನ್ನು ಇಲ್ಲಿ ಬಿಡಿಸಿ ನೋಡುತ್ತಿದ್ದೇನೆ. ಮನೆಗಳ ಮರ, ಗಾರೆ ಒಂದು ಕಡೆ ಇರಲಿ. ನನಗೆ ಕಂಡ ಹಾಗೆ ಅಸಲಿ ಕಥೆ ಇರೋದು ಕಾಗದದಲ್ಲಿ.

ಕುಲುಮೆ, ನೇಗಿಲು, ಮನೆ

1852ರ ಫೆಬ್ರವರಿಯಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಸ್ಟುಡಿಬೇಕರ್ ಎಂಬ ಅಣ್ಣತಮ್ಮಂದಿರು 68 ಡಾಲರ್ ಬಂಡವಾಳದಲ್ಲಿ ಇಲ್ಲೊಂದು ಕುಲುಮೆ ತೆರೆದರು. ಮೊದಲು ಕುದುರೆ ಗಾಡಿ ಮಾಡಿದರು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಗಾಡಿ ಮಾರಿ ಬೆಳೆದರು. 1902ರಲ್ಲಿ ಬ್ಯಾಟರಿ ಕಾರು ಮಾಡಿದರು, 1904ರಲ್ಲಿ ಪೆಟ್ರೋಲ್ ಕಾರು. ಕುದುರೆ ಗಾಡಿ ಮಾಡುತ್ತಿದ್ದ ಕಂಪನಿಗಳಲ್ಲಿ ಕಾರಿನ ಕಾಲಕ್ಕೂ ದೊಡ್ಡದಾಗಿ ಉಳಿದದ್ದು ಬಹಳ ಕಡಿಮೆ. ಸ್ಟುಡಿಬೇಕರ್ ಉಳಿಯಿತು.

1855ರಲ್ಲಿ ಜೇಮ್ಸ್ ಆಲಿವರ್ ಎಂಬ ಸ್ಕಾಟ್ಲೆಂಡ್ ಮೂಲದವನು ಈ ಊರಿಗೆ ಬಂದು ಒಂದು ಎರಕದ ಕಾರ್ಖಾನೆಯಲ್ಲಿ ಪಾಲು ಕೊಂಡ. ಕರಗಿದ ಕಬ್ಬಿಣ ಅಚ್ಚಿನಲ್ಲಿರುವಾಗಲೇ ಅದರ ಮೇಲ್ಮೈಯನ್ನು ಬೇಗ ತಣ್ಣಗಾಗಿಸುವ ವಿಧಾನವನ್ನು ತಿದ್ದಿ ತಿದ್ದಿ ಪಕ್ಕಾ ಮಾಡಿದ. ಹಾಗೆ ಮಾಡಿದ ನೇಗಿಲಿನ ಮೈ ಗಟ್ಟಿ, ನುಣುಪು. ಮಣ್ಣು ಅಂಟೋದಿಲ್ಲ, ಬೇಗ ಸವೆಯೋದೂ ಇಲ್ಲ. ಈ ನೇಗಿಲು ಊರೂರಿಗೆ ಹೋಯಿತು.

ಕಾರ್ಖಾನೆಗೆ ಆಳು ಬೇಕಲ್ವಾ? ಪೋಲೆಂಡಿನಿಂದ ಬಂದರು, ಹಂಗೇರಿಯಿಂದ ಬಂದರು. ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಕಪ್ಪು ಜನಾಂಗದವರು ಬಂದರು. ಹೆಚ್ಚಿನವರು ನೆಲೆ ನಿಂತದ್ದು ಊರಿನ ಪಶ್ಚಿಮಕ್ಕೆ, ಕಾರ್ಖಾನೆಗೆ ನಡೆದು ಹೋಗುವಷ್ಟು ದೂರದಲ್ಲಿ. ಸೇಂಟ್ ಹೆಡ್ವಿಗ್, ಸೇಂಟ್ ಕ್ಯಾಸಿಮಿರ್, ಸೇಂಟ್ ಆಡಲ್ಬರ್ಟ್ ಎಂಬ ಪೋಲಿಷ್ ಚರ್ಚುಗಳ ಗೋಪುರಗಳು ಇವತ್ತಿಗೂ ಆ ಬೀದಿಗಳ ಮೇಲೆ ಎದ್ದು ಕಾಣುತ್ತವೆ. ಚರ್ಚಿನ ಸುತ್ತ ಮನೆ, ಮನೆಯ ಪಕ್ಕ ಮನೆ. ಸೈಟುಗಳು ಅಗಲ ಕಡಿಮೆ, ಉದ್ದ ಜಾಸ್ತಿ. ಬೀದಿಗೆ ಮುಖ ಮಾಡಿದ ತ್ರಿಕೋನದ ಚಾವಣಿ, ಮುಂದೊಂದು ಜಗುಲಿ, ಕೆಳಗೆ ನೆಲಮಾಳಿಗೆ, ಹಿತ್ತಲಲ್ಲಿ ಸ್ವಲ್ಪ ತರಕಾರಿ.

ಈ ಜನ ಮನೆ ಕಟ್ಟಿದ್ದು ಕೂಡಿಟ್ಟ ಕಾಸಿನಲ್ಲಿ. ಪೋಲಿಷ್ ಜನರು ತಮ್ಮದೇ ಕಟ್ಟಡ ಸಾಲದ ಸಂಘಗಳನ್ನು ಮಾಡಿಕೊಂಡಿದ್ದರು. ವಾರವಾರ ಸ್ವಲ್ಪ ಸ್ವಲ್ಪ ಕಟ್ಟೋದು, ಸರದಿ ಬಂದಾಗ ಸಾಲ ಎತ್ತೋದು. ನಮ್ಮ ಚೀಟಿ ವ್ಯವಹಾರ ಗೊತ್ತಿದ್ದವರಿಗೆ ಇದರ ರುಚಿ ಸುಲಭವಾಗಿ ಸಿಗುತ್ತದೆ.

ಯಜಮಾನರು ಕಟ್ಟಿದ್ದು ವೆಸ್ಟ್ ವಾಷಿಂಗ್ಟನ್ ಬೀದಿಯಲ್ಲಿ. ಕ್ಲೆಮೆಂಟ್ ಸ್ಟುಡಿಬೇಕರ್ 1880ರ ದಶಕದ ಕೊನೆಯಲ್ಲಿ ಟಿಪ್ಪಿಕನೂ ಪ್ಲೇಸ್ ಎಂಬ ಕಲ್ಲಿನ ಬಂಗಲೆ ಎಬ್ಬಿಸಿದ. 40 ಕೋಣೆ, 20 ಬೆಂಕಿಗೂಡು. ವಾಸ್ತುಶಿಲ್ಪಿ ಷಿಕಾಗೋದ ಹೆನ್ರಿ ಐವ್ಸ್ ಕಾಬ್. ಜೇಮ್ಸ್ ಆಲಿವರನ ಮಗ ಜೆ. ಡಿ. ಆಲಿವರ್ 1895-96ರಲ್ಲಿ ಕಾಪ್ಶಹೋಮ್ ಕಟ್ಟಿಸಿದ. ಮೊದಲು ಹೇಳಿದ 38 ಕೋಣೆಯ ಮನೆ ಅದೇ. ಹೆಸರು ಅಪ್ಪ ಹುಟ್ಟಿದ ಸ್ಕಾಟಿಷ್ ಹಳ್ಳಿಯದು. ಅದೇ ಬೀದಿಯಲ್ಲಿ ಫ್ರಾಂಕ್ ಲಾಯ್ಡ್ ರೈಟ್ 1906ರಲ್ಲಿ ವಿನ್ಯಾಸ ಮಾಡಿದ ಡಿರೋಡ್ಸ್ ಮನೆಯೂ ಇದೆ.

ಎಲ್ಮರ್ ಬೀದಿಯ 22 ಮನೆಗಳು

ಇಲ್ಲಿ ಸ್ವಲ್ಪ ನಿಲ್ಲಬೇಕು. ಇದನ್ನು ಬಿಟ್ಟು ಮುಂದೆ ಹೋದರೆ ಪ್ರಕರಣದ ಅರ್ಧ ಕೈಬಿಟ್ಟ ಹಾಗೆ.

ಕಪ್ಪು ಕಾರ್ಮಿಕರಿಗೆ ಸ್ಟುಡಿಬೇಕರ್‌ನಲ್ಲಿ ಕೆಲಸ ಸಿಕ್ಕಿತು. ಆದರೆ ಸಂಬಳ ಇದ್ದ ಮಾತ್ರಕ್ಕೆ ಇಷ್ಟ ಬಂದ ಕಡೆ ಮನೆ ಸಿಗುತ್ತಿರಲಿಲ್ಲ. ಮಾರುವವರು ಮಾರುತ್ತಿರಲಿಲ್ಲ, ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ಸಿಕ್ಕಿದ್ದು ಕಾರ್ಖಾನೆಯ ಹೊಗೆ ಬೀಳುವ ಬೀದಿಗಳ ಹಳೇ ಬಾಡಿಗೆ ಮನೆ. ಊರಿನ ಸಾರ್ವಜನಿಕ ಈಜುಕೊಳ ಎಂಗ್ಮನ್ ನೇಟಟೋರಿಯಂ ಶುರುವಾದದ್ದು 1922ರಲ್ಲಿ. ಎಲ್ಲರ ತೆರಿಗೆಯಲ್ಲಿ ನಡೆಯುವ ಕೊಳ. ಅದು ಕಪ್ಪು ಜನರಿಗೆ ಉಳಿದವರ ಸಮಾನವಾಗಿ ತೆರೆದದ್ದು 1950ರಲ್ಲಿ.

ಅದೇ 1950ರ ಮೇ ತಿಂಗಳಲ್ಲಿ ಸ್ಟುಡಿಬೇಕರ್‌ನ ಕಪ್ಪು ಕಾರ್ಮಿಕರ ಒಂದು ಗುಂಪು 'ಬೆಟರ್ ಹೋಮ್ಸ್ ಆಫ್ ಸೌತ್ ಬೆಂಡ್' ಎಂಬ ಸಂಘ ಕಟ್ಟಿತು. ಒಬ್ಬೊಬ್ಬರೇ ಹೋದರೆ ಬಾಗಿಲು ಮುಚ್ಚುತ್ತಾರೆ, ಒಟ್ಟಿಗೆ ಹೋಗೋಣ ಅನ್ನೋದು ಲೆಕ್ಕ. ವಕೀಲ ಜೆ. ಚೆಸ್ಟರ್ ಆಲನ್ ಕಾನೂನಿನ ಕಡೆ ನೋಡಿಕೊಂಡರು. ನಾರ್ತ್ ಎಲ್ಮರ್ ಬೀದಿಯಲ್ಲಿ ಸೈಟು ನೋಡಿದರು. ಎಲ್ಲಿ ಕೊಳ್ಳುತ್ತಿದ್ದೇವೆ ಅನ್ನೋದನ್ನು ಯಾರೂ ಬಾಯಿಬಿಡಬಾರದು ಅಂತ ತಮ್ಮಲ್ಲೇ ಮಾತು ಮಾಡಿಕೊಂಡಿದ್ದರು. ಗೊತ್ತಾದರೆ ಕೆಲಸ ಕೆಡುತ್ತದೆ ಅಂತ. ಸಾಲಕ್ಕೆ, ಗುತ್ತಿಗೆದಾರನಿಗೆ, ಕಾಗದಪತ್ರಕ್ಕೆ ಅಲೆದು ಅಲೆದು ಕೊನೆಗೆ 22 ಮನೆ ಎದ್ದವು.

ಇಷ್ಟು ಕಷ್ಟಪಟ್ಟು ಪಡೆದ ಮನೆ ಅಂದರೆ ಆ ಕುಟುಂಬಕ್ಕೆ ಅದೇ ಬ್ಯಾಂಕು, ಅದೇ ವಿಮೆ, ಅದೇ ಮಕ್ಕಳ ಆಸ್ತಿ. ಮುಂದೆ ಪಾಲಿಕೆಯ ಪಟ್ಟಿಯ ಬಗ್ಗೆ ಓದುವಾಗ ಈ ಮಾತು ನೆನಪಿರಲಿ.

ಕ್ರಿಸ್‌ಮಸ್‌ಗೆ ಐದು ದಿನ ಮುಂಚೆ

1963ರ ಡಿಸೆಂಬರ್ 9ರಂದು ಸ್ಟುಡಿಬೇಕರ್ ತನ್ನ ಸೌತ್ ಬೆಂಡ್ ಕಾರು ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಡಿಸೆಂಬರ್ 20ಕ್ಕೆ ಕೊನೆಯ ಕಾರು ಹೊರಬಂತು. ಸುಮಾರು 7,000 ಜನ ಕೆಲಸ ಕಳೆದುಕೊಂಡರು.

ಪಿಂಚಣಿ ನಿಧಿಯಲ್ಲಿ ಎಲ್ಲರಿಗೂ ಕೊಡುವಷ್ಟು ಹಣ ಇರಲಿಲ್ಲ. 60 ದಾಟಿದವರಿಗೆ ಪೂರ್ತಿ ಸಿಕ್ಕಿತು. ಅದಕ್ಕಿಂತ ಚಿಕ್ಕವರಲ್ಲಿ ಸುಮಾರು 4,000 ಜನರಿಗೆ ಬರಬೇಕಾದ್ದರಲ್ಲಿ ಶೇ. 15ರಷ್ಟು ಮಾತ್ರ. ಇನ್ನೂ ಚಿಕ್ಕವರಿಗೆ ಏನೂ ಇಲ್ಲ. ಈ ಅನ್ಯಾಯ ದೇಶವೆಲ್ಲ ಸುದ್ದಿಯಾಯಿತು. 1974ರಲ್ಲಿ ಅಮೆರಿಕ ಪಿಂಚಣಿ ರಕ್ಷಣೆಗೆ ಕಾನೂನು ತಂದಾಗ ಎಲ್ಲರ ಬಾಯಲ್ಲೂ ಇದ್ದ ಉದಾಹರಣೆ ಸ್ಟುಡಿಬೇಕರ್‌ನದೇ.

ಮನೆಗಳಿಗೂ ಇದಕ್ಕೂ ಏನು ನಂಟು? ನೇರ ನಂಟು. ಐವತ್ತು ವರ್ಷದ ಕೆಲಸಗಾರನಿಗೆ ಕೆಲಸ ಹೋಯಿತು, ಪಿಂಚಣಿಯ ಬಹುಪಾಲು ಹೋಯಿತು, ಉಳಿದದ್ದು ಮನೆ ಒಂದೇ. ಮನೆ ಬಿಡಲಿಲ್ಲ. ಆದರೆ ಮನೆಗೆ ಖರ್ಚು ಮಾಡೋದು ಬಿಟ್ಟ. ಚಾವಣಿ ಇನ್ನೊಂದು ವರ್ಷ ತಡೆಯುತ್ತೆ, ಕಿಟಕಿಗೆ ಬಣ್ಣ ಆಮೇಲೆ ನೋಡೋಣ. ಮಕ್ಕಳು ಕೆಲಸ ಹುಡುಕಿ ಬೇರೆ ಊರಿಗೆ ಹೋದರು. ಊರಿನ ಜನಸಂಖ್ಯೆ 1960ರಲ್ಲಿ 1,32,445 ಇತ್ತು. 2010ರಲ್ಲಿ 1,01,168. ಮೂವತ್ತು ಸಾವಿರ ಜನ ಕಡಿಮೆಯಾದರು. ಅವರು ಇದ್ದ ಮನೆಗಳು ಇದ್ದಲ್ಲೇ ನಿಂತಿದ್ದವು.

ಊರು ಒಂದೇ ಏಟಿಗೆ ಖಾಲಿಯಾಗಲಿಲ್ಲ. ಮೊದಲ ತಲೆಮಾರು ಹಠ ಹಿಡಿದು ಮನೆಯಲ್ಲೇ ಮುದುಕಾಯಿತು. ಅವರು ತೀರಿಕೊಂಡ ಮೇಲೆ ಮನೆ ಯಾರಿಗೂ ಬೇಡವಾಯಿತು. ಕಾರ್ಖಾನೆ ಮುಚ್ಚಿದ್ದು 1963ರಲ್ಲಿ, ಮನೆಗಳ ಬಿಸಿ ಪಾಲಿಕೆಗೆ ತಟ್ಟಿದ್ದು ಹೆಚ್ಚೂಕಡಿಮೆ ಐವತ್ತು ವರ್ಷ ಕಳೆದ ಮೇಲೆ. ನಡುವೆ 2008ರ ಸಾಲದ ಬಿಕ್ಕಟ್ಟು ಬಂದು ಇದ್ದಬದ್ದ ಮನೆಗಳೂ ಬ್ಯಾಂಕಿನ ಪಾಲಾದವು.

ಖಾಲಿ ಮನೆ ಸಾಯುವ ಬಗೆ

ಆ ಚಳಿಯಲ್ಲಿ ಖಾಲಿ ಮನೆ ಬಹಳ ದಿನ ತಾಳೋದಿಲ್ಲ. ಜನವರಿಯಲ್ಲಿ ಶೂನ್ಯಕ್ಕಿಂತ ಕೆಳಗೆ ಹೋಗುತ್ತದೆ. ನೆಲಮಾಳಿಗೆಯ ಫರ್ನೇಸ್, ಅಂದರೆ ಮನೆ ಬೆಚ್ಚಗಿಡುವ ಯಂತ್ರ, ಆರಿಸಿ, ನೀರು ನಿಲ್ಲಿಸದೆ ಹೋದರೆ ಪೈಪಿನಲ್ಲಿರುವ ನೀರು ಹೆಪ್ಪುಗಟ್ಟಿ ಹಿಗ್ಗಿ ಪೈಪು ಒಡೆಯುತ್ತದೆ. ಕರಗಿದ ದಿನ ಮೇಲಂತಸ್ತಿನಿಂದ ನೆಲಮಾಳಿಗೆ ತನಕ ನೀರು. ಗೋಡೆ ಅಂದರೆ ಮರದ ಸಣ್ಣ ಪಟ್ಟಿಗಳ ಮೇಲೆ ಬಳಿದ ಗಾರೆ. ಅದು ನೆನೆದು ಹಾಳೆ ಹಾಳೆಯಾಗಿ ಬೀಳುತ್ತದೆ. ಬೇಸಿಗೆ ಬಂದರೆ ಬೂಷ್ಟು. ಅಷ್ಟರಲ್ಲಿ ತಾಮ್ರದ ಕಳ್ಳರು ಬಂದು ಗೋಡೆ ಒಡೆದು ಪೈಪು, ವೈರು ಕಿತ್ತುಕೊಂಡು ಹೋಗಿರುತ್ತಾರೆ. ಗುಜರಿಯಲ್ಲಿ ಅವರಿಗೆ ಸಿಗೋದು ಪುಡಿಗಾಸು. ಮನೆಗೆ ಆದ ನಷ್ಟ ಅದರ ಎಷ್ಟೋ ಪಟ್ಟು.

ಚಾವಣಿ ತೂತಾದ ಮೇಲೆ ಮಾತೇ ಇಲ್ಲ. ಎರಡು ಚಳಿಗಾಲ, ಹೆಚ್ಚೆಂದರೆ ಮೂರು.

ಕಣ್ಣಿಗೆ ಕಾಣುವುದು ಇಷ್ಟು. ಕಾಗದದಲ್ಲಿ ನಡೆಯುವುದು ಬೇರೆ. ಇಂಡಿಯಾನಾದಲ್ಲಿ ಮನೆ ಕಂದಾಯ ಬಾಕಿ ಬಿದ್ದರೆ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಆಡಳಿತ ಅದನ್ನು ಹರಾಜಿಗೆ ಇಡುತ್ತದೆ. ಆದರೆ ಹರಾಜಿನಲ್ಲಿ ಕೂಗಿದವನಿಗೆ ಸಿಗೋದು ಮನೆಯಲ್ಲ, ಒಂದು ಪ್ರಮಾಣಪತ್ರ. ಹಳೇ ಮಾಲೀಕನಿಗೆ ಬಾಕಿ ತೀರಿಸಿ ಮನೆ ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವರ್ಷ ಗಡುವು. ಅವನು ಕಟ್ಟದೆ ಹೋದರೆ ಪ್ರಮಾಣಪತ್ರ ಇದ್ದವನು ಕೋರ್ಟಿಗೆ ಹೋಗಿ ಕ್ರಯಪತ್ರ ಕೇಳಬೇಕು.

ಎಷ್ಟೋ ಜನ ಕೇಳೋದೇ ಇಲ್ಲ. ಎಲ್ಲೋ ದೂರದಲ್ಲಿ ಕೂತು ಹರಾಜು ಕೂಗಿರುತ್ತಾರೆ. ಬಡ್ಡಿ ಸಿಕ್ಕರೆ ಸಾಕು ಅವರಿಗೆ. ಮನೆ ನೋಡಿದ ಮೇಲೆ ಇದು ತಲೆನೋವು ಅಂತ ಕೈ ಬಿಡುತ್ತಾರೆ. ಬ್ಯಾಂಕುಗಳೂ ಹಾಗೇ. ಜಪ್ತಿ ಶುರು ಮಾಡಿ, ಮನೆಯವರು ಹೆದರಿ ಖಾಲಿ ಮಾಡಿದ ಮೇಲೆ, ಜಪ್ತಿ ಪೂರ್ತಿ ಮಾಡದೆ ಸುಮ್ನೆ ಕೂತ ಉದಾಹರಣೆಗಳು ಅಮೆರಿಕದ ಊರೂರಲ್ಲೂ ಇವೆ. ಆಗ ಮನೆ ಯಾರದು? ದಾಖಲೆಯಲ್ಲಿ ಹಳೇ ಮಾಲೀಕ. ಅವನು ಸತ್ತಿರಬಹುದು. ಇನ್ನೊಂದು ರಾಜ್ಯದಲ್ಲಿ ಇರಬಹುದು. ಮನೆ ಇನ್ನೂ ತನ್ನ ಹೆಸರಿನಲ್ಲೇ ಇದೆ ಅಂತ ಅವನಿಗೇ ಗೊತ್ತಿಲ್ಲದಿರಬಹುದು. ಪಾಲಿಕೆ ನೋಟಿಸ್ ಕಳಿಸುತ್ತದೆ, ವಾಪಸ್ ಬರುತ್ತದೆ.

ಮರದ ಮನೆಯನ್ನು ನೂರು ವರ್ಷ ಆದ ಮೇಲೂ ನೆಟ್ಟಗೆ ನಿಲ್ಲಿಸಬಹುದು. ಯಜಮಾನನ ಹೆಸರೇ ಕಳೆದುಹೋದ ಮನೆಗೆ ಒಂದು ಮೊಳೆ ಹೊಡೆಯುವ ಹಕ್ಕೂ ಯಾರಿಗೂ ಇರೋದಿಲ್ಲ.

ಮೇಯರ್ ಪೀಟ್‌ನ ಪಣ

2011ರ ನವೆಂಬರ್ ಚುನಾವಣೆಯಲ್ಲಿ ಪೀಟ್ ಬುಟಜೆಜ್ ಎಂಬ 29ರ ಯುವಕ ಮೇಯರ್ ಆಗಿ ಗೆದ್ದ. ಮಾಲ್ಟಾ ಮೂಲದ ಹೆಸರು. ನಾಲಿಗೆ ಹೊರಳದವರು ಸುಲಭಕ್ಕೆ 'ಮೇಯರ್ ಪೀಟ್' ಅಂದರು. ಮುಂದೆ ಅಧ್ಯಕ್ಷ ಪದವಿಗೆ ಉಮೇದುವಾರನಾಗಿ, ಬೈಡನ್ ಸರ್ಕಾರದಲ್ಲಿ ಸಾರಿಗೆ ಮಂತ್ರಿಯಾದವನು ಇವನೇ.

2012ರಲ್ಲಿ ಪಾಳು ಮನೆಗಳ ಬಗ್ಗೆ ಒಂದು ಕಾರ್ಯಪಡೆ ಕೂತಿತು. 2013ರ ಫೆಬ್ರವರಿಯಲ್ಲಿ ವರದಿ ಬಂತು. ಅಂಥ ಮನೆಗಳು ಊರಲ್ಲಿ ಸಾವಿರಕ್ಕೂ ಜಾಸ್ತಿ. ವರದಿ ಬಂದ ಹೊತ್ತಿಗೇ ಮೇಯರ್ ಸಾವಿರ ದಿನದ ಗುರಿ ಘೋಷಿಸಿದ.

ಕೆಲಸ ನಡೆದದ್ದು ಹೀಗೆ. ಪಾಲಿಕೆಯ ಕೋಡ್ ಎನ್‌ಫೋರ್ಸ್‌ಮೆಂಟ್ ವಿಭಾಗ, ಅಂದರೆ ಕಟ್ಟಡ ನಿಯಮ ನೋಡಿಕೊಳ್ಳುವವರು, ಮನೆ ಪರೀಕ್ಷೆ ಮಾಡಿ ಮಾಲೀಕನಿಗೆ ಆದೇಶ ಕೊಡುತ್ತಾರೆ: ಇಷ್ಟು ದಿನದಲ್ಲಿ ರಿಪೇರಿ ಮಾಡು, ಇಲ್ಲ ಕೆಡವು. ಆಮೇಲೆ ವಿಚಾರಣೆ. ಮಾಲೀಕ ಬಂದು ತನ್ನ ಯೋಜನೆ ತೋರಿಸಿದರೆ ಕಾಲಾವಕಾಶ. ಬರದೇ ಹೋದರೆ, ಬಂದೂ ಕೆಲಸ ಆಗದೇ ಹೋದರೆ ದಂಡ. ದಂಡದ ಮೇಲೆ ದಂಡ. ಕೊನೆಗೆ ಪಾಲಿಕೆಯೇ ಬುಲ್ಡೋಜರ್ ಕಳಿಸುತ್ತದೆ. ಮನೆ ಉರುಳಿಸಿ, ನೆಲಮಾಳಿಗೆ ಕಿತ್ತು, ಮಣ್ಣು ತುಂಬಿ, ಹುಲ್ಲಿನ ಬೀಜ ಎರಚಿ ಹೋಗುತ್ತಾರೆ. ಮುಂದಿನ ಬೇಸಿಗೆಗೆ ಅಲ್ಲಿ ಮನೆ ಇತ್ತು ಅಂತ ಹೊಸಬರಿಗೆ ಗೊತ್ತಾಗೋದಿಲ್ಲ.

ಎಷ್ಟು ಮನೆಯ ಕೆಲಸ ಮುಗಿಯಿತು ಅನ್ನೋದನ್ನು ಜನರ ಮುಂದೆಯೇ ಎಣಿಸುತ್ತಾ ಹೋದರು. 2014ರಲ್ಲಿ ಮೇಯರ್ ಏಳು ತಿಂಗಳು ನೌಕಾದಳದ ಮೀಸಲು ಸೇವೆಗೆ ಅಫ್ಘಾನಿಸ್ತಾನಕ್ಕೆ ಹೋದ. ಆಗಲೂ ಕೆಲಸ ನಿಲ್ಲಲಿಲ್ಲ. 2015ರ ನವೆಂಬರ್‌ಗೆ ಗಡುವು ಇತ್ತು. ಸೆಪ್ಟೆಂಬರ್‌ನಲ್ಲೇ ಸಾವಿರ ಮುಟ್ಟಿತು. ಗಡುವಿನ ದಿನ ಲೆಕ್ಕ 1,122. ಅದರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಮನೆ ರಿಪೇರಿಯಾದವು. ಉಳಿದ ಆರು ನೆಲಸಮವಾದವು, ಇಲ್ಲವೇ ನೆಲಸಮ ಮಾಡಲು ಗುತ್ತಿಗೆ ಕೊಟ್ಟಾಗಿತ್ತು.

ಪಾಳು ಮನೆಯ ಪಕ್ಕ ಇರುವವರ ಕಡೆಯಿಂದ ನೋಡಿದರೆ ಇದು ದೊಡ್ಡ ಸಮಾಧಾನ. ಹಲಗೆ ಬಡಿದ ಕಿಟಕಿ, ರಾತ್ರಿ ಯಾರೋ ಒಳಗೆ ಹೋಗಿ ಬರುವ ಸದ್ದು, ಬೆಂಕಿ ಬಿದ್ದರೆ ನಮ್ಮ ಗೋಡೆಗೂ ಹತ್ತುತ್ತೆ ಅನ್ನುವ ಭಯ. ಈ ಹಳೇ ಮನೆಗಳ ಗೋಡೆಯ ಮರದ ಕಂಬಗಳು ಬುಡದಿಂದ ಚಾವಣಿ ತನಕ ಒಂದೇ ಉದ್ದಕ್ಕೆ ಹೋಗಿರುತ್ತವೆ. ನಡುವೆ ತಡೆ ಇರೋದಿಲ್ಲ. ಕೆಳಗೆ ಹತ್ತಿದ ಬೆಂಕಿ ಹೊಗೆಗೂಡಿನಲ್ಲಿ ಏರಿದ ಹಾಗೆ ಮೇಲಕ್ಕೆ ಹೋಗುತ್ತದೆ. ಪಕ್ಕದ ಮನೆಯವರು ವರ್ಷಗಟ್ಟಲೆ ಪಾಲಿಕೆಗೆ ಅರ್ಜಿ ಹಾಕಿದ್ದರು. ಅವರನ್ನು ಮರೆತು ಈ ಯೋಜನೆಯನ್ನು ಬೈಯೋದು ಸುಲಭ. ನಾನು ಬೈಯೋದಿಲ್ಲ.

ದಂಡ ಬಿದ್ದದ್ದು ಯಾರಿಗೆ

ತಕರಾರು ಇರೋದು ಇನ್ನೊಂದು ಕಡೆ. ಆದೇಶ, ವಿಚಾರಣೆ, ದಂಡ ಎಂಬ ಯಂತ್ರಕ್ಕೆ ದೂರದ ರಾಜ್ಯದ ಬೇಜವಾಬ್ದಾರಿ ಮಾಲೀಕನೂ ಒಂದೇ, ಅದೇ ಬೀದಿಯ ಬಡ ಮಾಲೀಕನೂ ಒಂದೇ. ವ್ಯತ್ಯಾಸ ಏನಂದರೆ ಮೊದಲಿನವನು ಸಿಗೋದಿಲ್ಲ, ಎರಡನೆಯವನು ಸಿಗುತ್ತಾನೆ.

ಪಶ್ಚಿಮದ ಬೀದಿಗಳಲ್ಲಿ ಈಗ ಇರುವವರಲ್ಲಿ ಕಪ್ಪು ಜನ ಮತ್ತು ಲ್ಯಾಟಿನೋ ಕುಟುಂಬಗಳು ಹೆಚ್ಚು. ಪಟ್ಟಿಯ ಮನೆಗಳೂ ಹೆಚ್ಚಾಗಿ ಅಲ್ಲೇ. ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕ ಮನೆ ಕೊಂಡು, ಬಿಡುವಿದ್ದಾಗ ಕೈಯಾರೆ ರಿಪೇರಿ ಮಾಡಿ, ಮಕ್ಕಳಿಗೋ ಬಾಡಿಗೆಗೋ ಅಂತ ಇಟ್ಟುಕೊಂಡವರು ಕೆಲವರಿದ್ದರು. ರೆಜೀನಾ ವಿಲಿಯಮ್ಸ್-ಪ್ರೆಸ್ಟನ್ ಮತ್ತು ಅವರ ಗಂಡ ಅಂಥವರು. ಕೊಂಡದ್ದು ನಿಜ, ರಿಪೇರಿ ಮಾಡುವ ಆಸೆಯೂ ನಿಜ. ಗಂಡನಿಗೆ ಕಾಯಿಲೆ ಬಂತು. ಕೆಲಸ ನಿಂತಿತು. ದಂಡ ಏರಿತು. ಅವರ ಕೆಲವು ಮನೆಗಳು ನೆಲಕ್ಕೆ ಬಿದ್ದವು. ಶಾಲಾ ಶಿಕ್ಷಕಿಯಾಗಿದ್ದ ಆಕೆ 2015ರಲ್ಲಿ ಪಾಲಿಕೆ ಚುನಾವಣೆಗೆ ನಿಂತು ಗೆದ್ದರು. ಕೌನ್ಸಿಲ್ ಒಳಗೆ ಕೂತು ಇದೇ ಪ್ರಶ್ನೆ ಎತ್ತಿದರು. ಆಮೇಲೆ ಪಾಲಿಕೆ ದಂಡದ ಜೊತೆಗೆ ರಿಪೇರಿಗೆ ನೆರವು ಕೊಡುವ ಯೋಜನೆಗಳಿಗೂ ಹಣ ಇಟ್ಟಿತು.

ನನ್ನ ಮಟ್ಟಿಗೆ ಪ್ರಕರಣದ ಗಂಟು ಇದೇ. ಸಾವಿರ ಅನ್ನುವ ಸಂಖ್ಯೆ ಅಧಿಕಾರಿಗಳನ್ನು ಕುರ್ಚಿಯಿಂದ ಎಬ್ಬಿಸಿತು. ಯಾವ ಮನೆ ಯಾರದು ಅಂತ ಹುಡುಕಿಸಿತು. ಆ ಪತ್ತೇದಾರಿ ಕೆಲಸ ಅದಕ್ಕೆ ಮುಂಚೆ ಯಾರೂ ಅಷ್ಟು ಶ್ರದ್ಧೆಯಿಂದ ಮಾಡಿರಲಿಲ್ಲ. ಆದರೆ ಅದೇ ಸಂಖ್ಯೆಗೆ ರಿಪೇರಿಯೂ ಒಂದು, ನೆಲಸಮವೂ ಒಂದು. ರಿಪೇರಿಗೆ ಮಾಲೀಕ ಬೇಕು, ದುಡ್ಡು ಬೇಕು, ಎರಡು ಮೂರು ವರ್ಷ ಬೇಕು. ನೆಲಸಮಕ್ಕೆ ಒಂದು ಆದೇಶ, ಒಂದು ಬೆಳಗ್ಗೆ ಸಾಕು. ಸಾವಿರ ದಿನದ ಗಡಿಯಾರ ಮುಂದೆ ಇಟ್ಟುಕೊಂಡವರಿಗೆ ಯಾವುದು ಹತ್ತಿರದ ದಾರಿ ಅಂತ ಹೇಳಬೇಕಾಗಿಲ್ಲ.

ರಿಪೇರಿ ಕಡೆ ವಾಲಿದವರಿಗೂ ಒಂದು ಗೋಡೆ ಎದುರಾಗುತ್ತದೆ. ಚಾವಣಿ, ಫರ್ನೇಸ್, ವೈರಿಂಗ್, ಪೈಪು ಎಲ್ಲ ಹೊಸದು ಹಾಕಿ ಮುಗಿಸುವ ಹೊತ್ತಿಗೆ ಆದ ಖರ್ಚು, ಆ ಬೀದಿಯಲ್ಲಿ ಮನೆ ಮಾರಿದರೆ ಬರುವ ಬೆಲೆಗಿಂತ ಜಾಸ್ತಿ. ಬ್ಯಾಂಕು ಮನೆಯ ಬೆಲೆ ನೋಡಿ ಸಾಲ ಕೊಡುತ್ತದೆ, ಖರ್ಚು ನೋಡಿ ಅಲ್ಲ. ನಡುವಿನ ಅಂತರ ಯಾರಾದರೂ ಕೈಯಿಂದ ಹಾಕಬೇಕು. ನಿಯರ್ ನಾರ್ತ್‌ವೆಸ್ಟ್ ನೇಬರ್‌ಹುಡ್, ಸೌತ್ ಬೆಂಡ್ ಹೆರಿಟೇಜ್ ಎಂಬ ಲಾಭಕ್ಕಲ್ಲದ ಸಂಸ್ಥೆಗಳು ಈ ಕೆಲಸವನ್ನು ದಶಕಗಳಿಂದ ಮಾಡುತ್ತಿವೆ. ಹಳೇ ಮನೆ ಕೊಂಡು, ಸರಿಮಾಡಿ, ಅಲ್ಲೇ ವಾಸ ಮಾಡುವವರಿಗೆ ಕೊಡುತ್ತವೆ. ಒಳ್ಳೆಯ ಕೆಲಸವೇ. ಆದರೆ ವರ್ಷಕ್ಕೆ ಬೆರಳೆಣಿಕೆಯಷ್ಟು ಮನೆ ಆಗುತ್ತವೆ.

ಹಳೇ ಮನೆ ಅಂದ ಕೂಡಲೇ ಮರುಗುವವರಿಗೆ ಇನ್ನೊಂದು ವಿಷಯ. 1978ಕ್ಕೆ ಮುಂಚಿನ ಮನೆಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆ ಬಣ್ಣದಲ್ಲಿ ಸೀಸ ಬಳಸುವುದನ್ನು ಅಮೆರಿಕ ನಿಷೇಧಿಸಿದ್ದು ಆ ವರ್ಷ. ಕಿಟಕಿ ಎತ್ತಿ ಇಳಿಸುವಾಗ ಬಣ್ಣ ಸವೆದು ಪುಡಿ ಬೀಳುತ್ತದೆ. ಅಂಬೆಗಾಲಿಡುವ ಮಗು ಕೈ ಬಾಯಿಗಿಟ್ಟರೆ ಅದು ಹೊಟ್ಟೆಗೆ ಹೋಗುತ್ತದೆ. 2016ರ ಡಿಸೆಂಬರ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ದೇಶದ ಊರೂರಿನ ಸೀಸದ ಅಂಕಿಅಂಶ ಹೊರಗಿಟ್ಟಿತು. ಸೌತ್ ಬೆಂಡಿನ ಒಂದು ಜನಗಣತಿ ವಲಯದಲ್ಲಿ ಪರೀಕ್ಷೆ ಮಾಡಿಸಿಕೊಂಡ ಮಕ್ಕಳಲ್ಲಿ ಹತ್ತಕ್ಕೆ ಮೂವರಿಗೆ ಮಿತಿ ಮೀರಿದ ಸೀಸ ಕಂಡಿತ್ತು. ಹಾಗಾಗಿ ರಿಪೇರಿ ಅಂದರೆ ಹೊರಗೆ ಬಣ್ಣ ಬಳಿದು ಫೋಟೋ ತೆಗೆಯೋದಲ್ಲ. ಕಿಟಕಿ ಬದಲಾಯಿಸಬೇಕು, ಮಣ್ಣು ನೋಡಬೇಕು. ಖರ್ಚು ಇನ್ನೂ ಮೇಲಕ್ಕೆ.

ಬಂಗಲೆಗಳು ಹೇಗೆ ಉಳಿದವು

ಈಗ ಆ 40 ಕೋಣೆಯ ಬಂಗಲೆಗೆ ಬರೋಣ. ಅದನ್ನು ಉಳಿಸಿದ್ದು ಕಲ್ಲಿನ ಗೋಡೆ ಅಂದುಕೊಂಡರೆ ತಪ್ಪು.

ಟಿಪ್ಪಿಕನೂ ಪ್ಲೇಸ್ ಕೂಡ ಒಂದು ಕಾಲಕ್ಕೆ ಬೇಡದ ಮನೆಯೇ. ಸ್ಟುಡಿಬೇಕರ್ ಕಂಪನಿ 1933ರಲ್ಲಿ ದಿವಾಳಿ ಅಂಚಿಗೆ ಬಂದಾಗ ಕುಟುಂಬ ಆ ಮನೆ ಕಳೆದುಕೊಂಡಿತು. ಅಷ್ಟು ಕೋಣೆಗಳಿಗೆ ಕಲ್ಲಿದ್ದಲು ಸುರಿಯುವ ತಾಕತ್ತು ಯಾರಿಗಿದೆ? ಆದರೆ ಅದಕ್ಕೆ ಮತ್ತೆ ಮತ್ತೆ ಬೇರೆ ಬೇರೆ ಕೆಲಸ ಸಿಕ್ಕಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಇತ್ತು. ಅಂಗವಿಕಲ ಮಕ್ಕಳ ಶಾಲೆ ನಡೆಯಿತು. 1970ರ ದಶಕದಲ್ಲಿ ಊರಿನ ಪರಂಪರೆ ಪ್ರಿಯರ ಸಂಸ್ಥೆಯೊಂದರ ಕೈಗೆ ಬಂತು. 1980ರಿಂದ ರೆಸ್ಟೋರೆಂಟ್. ಈಗ ಅಲ್ಲಿ ಬಿಯರ್ ಕೂಡ ತಯಾರಾಗುತ್ತದೆ. ಕಾಪ್ಶಹೋಮ್ ಕಥೆ ಇನ್ನೂ ಸಲೀಸು. ಆಲಿವರ್ ಕುಟುಂಬ ಸುಮಾರು ಎಪ್ಪತ್ತು ವರ್ಷ ಅಲ್ಲೇ ಇತ್ತು. 1980ರ ದಶಕದಲ್ಲಿ ಪಾತ್ರೆಪಗಡೆ, ಮೇಜುಕುರ್ಚಿ ಸಮೇತ ಇತಿಹಾಸ ಸಂಘಕ್ಕೆ ಕೊಟ್ಟುಬಿಟ್ಟರು.

ಅಂದರೆ ಪ್ರತಿ ಸಲವೂ ಒಬ್ಬ ಹೆಸರಿರುವ ಮಾಲೀಕ ಇದ್ದ. ಕ್ರಯಪತ್ರ ಸ್ಪಷ್ಟವಾಗಿತ್ತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ನಡುವೆ ಬೀಳಲಿಲ್ಲ. ಜೊತೆಗೆ 40 ಕೋಣೆಯ ಮನೆ ಹೋಟೆಲ್ ಆಗಬಹುದು. ನಾಲ್ಕೈದು ಕೋಣೆಯ ಕಾರ್ಮಿಕನ ಮನೆ ಮನೆಯೇ ಆಗಿರಬೇಕು, ಬೇರೆ ಏನಾಗಲು ಸಾಧ್ಯ? ಕಾಪ್ಶಹೋಮ್ ಹಿಂದಿನ ಆ ಪುಟ್ಟ ಮನೆ ಒಂದಕ್ಕೆ ಮಾತ್ರ ಮ್ಯೂಸಿಯಂ ಆಗುವ ಅದೃಷ್ಟ ಬಂತು. 1870ರ ದಶಕದ ಮನೆ ಅದು. ಪೋಲಿಷ್ ಭಾಷೆಯಲ್ಲಿ ದೋಮ್ ರೊಬೋತ್ನಿಕಾ, ಅಂದರೆ ಕಾರ್ಮಿಕನ ಮನೆ ಅಂತ ಹೆಸರಿಟ್ಟು, 1930ರ ದಶಕದ ಪೋಲಿಷ್ ಕುಟುಂಬ ಹೇಗಿತ್ತೋ ಹಾಗೆ ಸಜ್ಜು ಮಾಡಿದ್ದಾರೆ. ಊರಿಗೆಲ್ಲ ಅಂಥ ಮ್ಯೂಸಿಯಂ ಒಂದಿದ್ದರೆ ಸಾಕಲ್ವಾ. ಉಳಿದ ಮನೆಗಳಿಗೆ ಜನ ಬೇಕು.

ಪರಂಪರೆ ಪಟ್ಟಿಗೆ ಸೇರಿಸಿದರೆ ಮನೆ ಉಳಿಯಿತು ಅಂತ ಹಲವರು ತಿಳಿದಿರುತ್ತಾರೆ. ಹಾಗಲ್ಲ. ವೆಸ್ಟ್ ವಾಷಿಂಗ್ಟನ್ ಬೀದಿಯ ಪ್ರದೇಶ 1975ರಲ್ಲೇ ರಾಷ್ಟ್ರೀಯ ಪಟ್ಟಿಗೆ ಸೇರಿತು. ಆದರೆ ರಾಷ್ಟ್ರೀಯ ಪಟ್ಟಿ ಗೌರವ ಕೊಡುತ್ತದೆ, ಕೆಲವು ತೆರಿಗೆ ಅನುಕೂಲ ಕೊಡುತ್ತದೆ. ಸ್ವಂತ ದುಡ್ಡಿನಲ್ಲಿ ಮಾಲೀಕ ತನ್ನ ಮನೆ ಕೆಡವುತ್ತೇನೆ ಅಂದರೆ ಅದು ತಡೆಯೋದಿಲ್ಲ. ತಡೆಯುವ ಶಕ್ತಿ ಇರೋದು ಊರಿನ ಪಟ್ಟಿಗೆ. ಇಲ್ಲಿ 1973ರಿಂದ ಊರಿಗೂ ಕೌಂಟಿಗೂ ಸೇರಿ ಒಂದು ಪರಂಪರೆ ಆಯೋಗ ಇದೆ. ಅದರ ಪಟ್ಟಿಯಲ್ಲಿರುವ ಮನೆಯ ಹೊರಮೈ ಮುಟ್ಟಬೇಕಾದರೆ ಮೊದಲು ಒಪ್ಪಿಗೆ ಪಡೆಯಬೇಕು. ಪಶ್ಚಿಮದ ಸಾಮಾನ್ಯ ಬೀದಿಗಳ ಬಹುಪಾಲು ಮನೆಗಳು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವು ಇದ್ದದ್ದು ಒಂದೇ ಪಟ್ಟಿಯಲ್ಲಿ, ಪಾಳು ಮನೆಗಳ ಪಟ್ಟಿಯಲ್ಲಿ.

ಹುಲ್ಲಿನ ಸೈಟುಗಳು

ಕೆಡವಿದ ಮೇಲೆ ಉಳಿದದ್ದು ಖಾಲಿ ಸೈಟು. ಬೇಸಿಗೆ ಪೂರ್ತಿ ಯಾರಾದರೂ ಹುಲ್ಲು ಕತ್ತರಿಸಬೇಕು. ಕಂದಾಯ ಹೆಚ್ಚುಕಡಿಮೆ ಶೂನ್ಯ.

ಅಲ್ಲಿ ಮತ್ತೆ ಮನೆ ಕಟ್ಟೋಣ ಅಂದರೆ ತಮಾಷೆ ನೋಡಿ. ಇಂಥ ಊರುಗಳ ವಲಯ ನಿಯಮಗಳು ಬರೆದದ್ದು ಇಪ್ಪತ್ತನೇ ಶತಮಾನದ ನಡುವಿನಲ್ಲಿ, ಕಾರು, ದೊಡ್ಡ ಅಂಗಳ ಮನಸ್ಸಿನಲ್ಲಿಟ್ಟು. ಸೈಟು ಇಷ್ಟು ಅಗಲ ಇರಬೇಕು, ಬೀದಿಯಿಂದ ಇಷ್ಟು ದೂರ ಬಿಡಬೇಕು, ಕಾರಿಗೆ ಜಾಗ ಬೇಕು. ನೂರು ವರ್ಷ ಹಳೆಯ ಕಿರಿದಾದ ಸೈಟಿನಲ್ಲಿ, ಅಲ್ಲೇ ಇದ್ದಂಥ ಮನೆಯನ್ನು ಮತ್ತೆ ಕಟ್ಟಲು ನಿಯಮವೇ ಅಡ್ಡ.

ಪಾಲಿಕೆ ಇದನ್ನು ತಿದ್ದಿತು. ವಲಯ ನಿಯಮಗಳನ್ನು ಹೊಸದಾಗಿ ಬರೆಯಿತು. 2021ರಲ್ಲಿ ಕಟ್ಟಡಕ್ಕೆ ಇಷ್ಟು ಪಾರ್ಕಿಂಗ್ ಇರಲೇಬೇಕು ಅನ್ನುವ ಷರತ್ತನ್ನು ಊರಿಗೆಲ್ಲ ತೆಗೆದುಹಾಕಿತು. 2022ರಲ್ಲಿ ಇನ್ನೊಂದು ಹೆಜ್ಜೆ. ಪಾಲಿಕೆಯೇ ಕೆಲವು ಮನೆ ನಕ್ಷೆಗಳನ್ನು ಮಾಡಿಸಿ, ಮೊದಲೇ ಮಂಜೂರು ಮಾಡಿ ಇಟ್ಟಿತು. ಕಿರಿದಾದ ಸೈಟಿಗೆ ಹೊಂದುವ ಒಂಟಿ ಮನೆ, ಎರಡು ಸಂಸಾರದ ಮನೆ, ಸಣ್ಣ ವಠಾರದಂಥದ್ದು ಎಲ್ಲ ಇವೆ. ನಕ್ಷೆ ಆರಿಸಿಕೊಂಡು ಬಂದರೆ ವಾಸ್ತುಶಿಲ್ಪಿಯ ಖರ್ಚು, ಪರವಾನಗಿಗೆ ಕಾಯುವ ದಿನ ಎರಡೂ ಉಳಿಯುತ್ತವೆ. ಒಂದು ಕಾಲಕ್ಕೆ, 1908ರಿಂದ 1940ರ ತನಕ, ಸಿಯರ್ಸ್ ಕಂಪನಿ ಅಂಚೆ ಮೂಲಕ ಮನೆ ಮಾರುತ್ತಿತ್ತು. ಪುಸ್ತಕದಲ್ಲಿ ಮನೆ ಆರಿಸಿದರೆ ನಕ್ಷೆ, ಮರ, ಮೊಳೆ ರೈಲಿನಲ್ಲಿ ಬರುತ್ತಿತ್ತು. ಆ ಹಳೇ ಐಡಿಯಾ ಹೊಸ ಅಂಗಿ ತೊಟ್ಟು ಬಂದಿದೆ.

ನಕ್ಷೆಯ ಚಿತ್ರಗಳನ್ನು ನೋಡಿದರೆ ಮುಂದೊಂದು ಜಗುಲಿ, ಬೀದಿಗೆ ಮುಖ ಮಾಡಿದ ತ್ರಿಕೋನದ ಚಾವಣಿ, ಬೀದಿಗೆ ಹತ್ತಿರ ನಿಂತ ಮನೆ. ಕೆಡವಿದ್ದೂ ಇಂಥದ್ದನ್ನೇ. ಊರಿನ ಜನಸಂಖ್ಯೆಯೂ 2020ರ ಗಣತಿಯಲ್ಲಿ 1,03,453ಕ್ಕೆ ಏರಿತ್ತು. ಹಾಗಾಗಿ ಕಟ್ಟುವವರು ಬರುತ್ತಿದ್ದಾರೆ. ಬಂದವರು ಅಗೆಯಲು ಶುರು ಮಾಡಿದಾಗ ಮೊದಲು ಎದುರಾಗೋದು ನೆಲದಡಿಯ ಚರಂಡಿ ಪೈಪು. ಮನೆ ಉರುಳಿಸುವಾಗ ಅದನ್ನು ಕತ್ತರಿಸಿ ಬಾಯಿ ಮುಚ್ಚಿರುತ್ತಾರೆ. ಹೊಸ ಮನೆಗೆ ಬೀದಿ ತನಕ ಮತ್ತೆ ಅಗೆದು ಸಂಪರ್ಕ ಕೊಡಬೇಕು. ಅದು ಸಣ್ಣ ಮೊತ್ತವಲ್ಲ. ಆ ಖರ್ಚಿಗೂ ಈಗ ಪಾಲಿಕೆಯೇ ಸಹಾಯಧನ ಕೊಡುತ್ತಿದೆ.